ಒದ್ದೆ ಸೌದೆಗೆ ಬೆಂಕಿ ಹಿಡಿಸುವ ಬಗ್ಗೆ

ಮಳೆ ಬಿಟ್ಟ ಮೇಲೆ ಉಡುಪಿಯ ತೋಟದಲ್ಲಿ ಸೀಮೆಎಣ್ಣೆ, ಕಾಗದ ಬಳಸದೆ ಬೆಂಕಿ ಹಾಕಬೇಕು, ಆದರೆ ಸೌದೆ ಹೊಗೆಯಾಡಿ ಆರಿಹೋಗುತ್ತದೆ ಎಂದಿದ್ದೀರಿ. ಸೌದೆಯ ಚಿಂತೆ ಆಮೇಲೆ. ಮೊದಲು ತೆಂಗಿನ ಮರದತ್ತ ನೋಡಿ.

ಒಣ ಮಡಲಿನ ಬುಡಕ್ಕೆ ಸುತ್ತಿಕೊಂಡಿರುವ ಬಲೆಯಂಥ ನಾರು ಇದೆಯಲ್ಲ, ಕಿಡಿ ಹಿಡಿಯಲು ಅದಕ್ಕಿಂತ ಒಳ್ಳೆಯದು ನಮ್ಮ ಊರಿನಲ್ಲಿ ಇಲ್ಲ. ಅದನ್ನು ಬಿಸಿಲಿಗೆ ಒಣಗಿಸಿ, ತೆಂಗಿನ ಸಿಪ್ಪೆಯ ನಾರಿನೊಂದಿಗೆ ಉಜ್ಜಿ, ಹಕ್ಕಿಗೂಡಿನಂತೆ ಸಡಿಲವಾಗಿ ಸುತ್ತಿ. ಬಿಗಿದರೆ ಗಾಳಿ ಹೋಗದೆ ಬರೀ ಹೊಗೆ ಬರುತ್ತದೆ. ಒದ್ದೆ ನೆಲಕ್ಕೆ ಒಣ ಅಡಿಕೆ ಹಾಳೆ ಹಾಸಿ, ಅದರ ಮೇಲೆ ನಾರಿನ ಗೂಡು, ಸುತ್ತ ಒಣಗರಿ, ಮೇಲೆ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಚೂರುಗಳು. ಗೆರಟೆ ಕೆಂಡವಾಗುವವರೆಗೂ ದಯವಿಟ್ಟು ತಾಳ್ಮೆಯಿರಲಿ! ಅನಂತರ ಬೆರಳು ಗಾತ್ರದ ಕಡ್ಡಿಗಳು, ಕೊನೆಗೆ ಸೀಳಿದ ಸೌದೆ. ದಪ್ಪ ಕೊರಡಿನ ಹೊರಮೈ ನೆನೆದಿದ್ದರೂ ಒಳಭಾಗ ಸಾಮಾನ್ಯವಾಗಿ ಒಣಗಿರುತ್ತದೆ.

ಗೇರುಬೀಜದ ಸಿಪ್ಪೆ ಎಣ್ಣೆಯಿಂದಾಗಿ ಧಗಧಗ ಉರಿಯುತ್ತದೆ, ನಿಜ. ಆದರೆ ಆ ಎಣ್ಣೆ ಚರ್ಮ ಸುಡುತ್ತದೆ, ಹೊಗೆ ಕಣ್ಣಿಗೆ ಉರಿ; ಅಡುಗೆಯ ಬೆಂಕಿಗಂತೂ ಬೇಡವೇ ಬೇಡ. ಹೊಳೆಯಿಂದ ತಂದ ಒದ್ದೆ ಕಲ್ಲುಗಳನ್ನೂ ಸುತ್ತ ಇಡಬೇಡಿ, ಕಾದು ಸಿಡಿಯಬಹುದು.