ಯಾವ ಫೋನಿಗೆ ಆ್ಯಪ್ ಬರೆಯಲು ಕಲಿಯಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹಳಷ್ಟು ಆ್ಯಪ್ ಕಲಿಕೆಯ ಬಗ್ಗೆಯೇ ಇವೆ. ಒಂದೇ ಥರದವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಿಸಿಎ ಎರಡನೇ ವರ್ಷದಲ್ಲಿದ್ದೇನೆ. ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಯ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಕಾಲೇಜಿನಲ್ಲಿ ಜಾವಾ ಆಗಿದೆ. ಕೋಚಿಂಗ್‌ನವರು ರಿಯಾಕ್ಟ್ ನೇಟಿವ್ ಅಂತಾರೆ, ಗೆಳತಿಯರು ಫ್ಲಟರ್ ಅಂತಾರೆ, ಬೆಂಗಳೂರಿನ ಮಾವ ಐಫೋನ್ ಆ್ಯಪ್‌ಗೇ ದುಡ್ಡು ಜಾಸ್ತಿ ಅಂತಾರೆ. ಯಾರ ಮಾತು ಕೇಳಲಿ?
– ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೂವರಿಗಿಂತ ಮೊದಲು ನಿಮ್ಮ ಲ್ಯಾಪ್‌ಟಾಪ್ ಮಾತು ಕೇಳಿ. ಫ್ಲಟರ್, ರಿಯಾಕ್ಟ್ ನೇಟಿವ್ ಎರಡೂ ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಸಲಕರಣೆಗಳು. ಐಫೋನ್ ಆ್ಯಪ್ ಕಟ್ಟುವ ಎಕ್ಸ್‌ಕೋಡ್ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ಹಾಗಾಗಿ ಮಾವನವರ ಸಲಹೆ ಸದ್ಯಕ್ಕೆ ಪಕ್ಕಕ್ಕಿರಲಿ. ಜಾವಾ ಬಲ್ಲವರಿಗೆ ಆಂಡ್ರಾಯ್ಡ್ ಆ್ಯಪ್ ಬರೆಯುವ ಕಾಟ್ಲಿನ್ ಭಾಷೆ ಹತ್ತಿರದ ದಾರಿ. ಗೂಗಲ್ 2017ರಲ್ಲಿ ಅದಕ್ಕೆ ಅಧಿಕೃತ ಬೆಂಬಲ ಕೊಟ್ಟಿತು, 2019ರಿಂದ ಆಂಡ್ರಾಯ್ಡ್‌ಗೆ ಕಾಟ್ಲಿನ್ನೇ ಮೊದಲು ಎಂದು ಹೇಳುತ್ತಿದೆ. ಪರದೆ ಕಟ್ಟಲು ಹಳೆಯ ಎಕ್ಸ್‌ಎಂಎಲ್ ಲೇಔಟ್ ಬಿಟ್ಟು ನೇರ ಗೂಗಲ್‌ನ ಹೊಸ ಸಲಕರಣೆ ಜೆಟ್‌ಪ್ಯಾಕ್ ಕಂಪೋಸ್‌ನಿಂದ ಶುರು ಮಾಡಿ. ಗೂಗಲ್‌ನ ‘ಆಂಡ್ರಾಯ್ಡ್ ಬೇಸಿಕ್ಸ್ ವಿತ್ ಕಂಪೋಸ್’ ಪಾಠ ಉಚಿತ. ಅದನ್ನು ಮುಗಿಸದೆ ಯಾವ ಕೋಚಿಂಗ್‌ಗೂ ಫೀಸು ಕಟ್ಟುವ ಅಗತ್ಯ ನಮಗೆ ಕಾಣುವುದಿಲ್ಲ.

ಈಗ 8 ಜಿಬಿಯ ವಿಷಯ. ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಒಂದಕ್ಕೇ 8 ಜಿಬಿ, ಕಂಪ್ಯೂಟರಿನೊಳಗೇ ನಕಲಿ ಫೋನು ಓಡಿಸುವ ಎಮ್ಯುಲೇಟರ್ ಸೇರಿದರೆ 16 ಜಿಬಿ ಬೇಕು ಅಂತ ಗೂಗಲ್ಲೇ ಬರೆದಿದೆ. ವಿಂಡೋಸ್ ತನ್ನ ಪಾಲು ತಿನ್ನುತ್ತದೆ, ಸ್ಟುಡಿಯೋ ಒಂದಷ್ಟು ತಿನ್ನುತ್ತದೆ, ಕೋಡನ್ನು ಆ್ಯಪ್ ಮಾಡಿಕೊಡುವ ಗ್ರೇಡಲ್‌ಗೆ ಹೊಸ ಪ್ರಾಜೆಕ್ಟಿನಲ್ಲಿ 2 ಜಿಬಿವರೆಗೆ ಅನುಮತಿ ಇರುತ್ತದೆ. ಇದರ ಮೇಲೆ ಎಮ್ಯುಲೇಟರ್ ಹಚ್ಚಿದರೆ ರ‍್ಯಾಮ್ ಮುಗಿದು ವಿಂಡೋಸ್ ಡಿಸ್ಕಿಗೆ ಬರೆಯತೊಡಗುತ್ತದೆ, ಮೌಸ್ ಸಹ ತಡವರಿಸುತ್ತದೆ. ಆದ್ದರಿಂದ ಎಮ್ಯುಲೇಟರ್ ಬಿಡಿ, ನಿಮ್ಮ ಫೋನನ್ನೇ ಕೇಬಲ್‌ನಿಂದ ಜೋಡಿಸಿ ಪರೀಕ್ಷಿಸಿ. ಆ ಹೊತ್ತಿನಲ್ಲಿ ಕ್ರೋಮ್ ಮುಚ್ಚಿರಲಿ. ಕೈಗೆ ದುಡ್ಡು ಬಂದಾಗ ಮೊದಲ ಖರ್ಚು ಇನ್ನೊಂದು 8 ಜಿಬಿ ರ‍್ಯಾಮ್ ಪಟ್ಟಿ. ಆದರೆ ಅಂಗಡಿಗೆ ಹೋಗುವ ಮೊದಲು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಖಾಲಿ ಸ್ಲಾಟ್ ಇದೆಯೇ ನೋಡಿಕೊಳ್ಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ.

ಫ್ಲಟರ್ ಕೆಟ್ಟದ್ದೇನಲ್ಲ. ಒಂದೇ ಕೋಡಿನಿಂದ ಎರಡೂ ಫೋನಿಗೆ ಆ್ಯಪ್ ಬೇಕಾದಾಗ ಅದು ಸರಿಯಾದ ಆಯ್ಕೆ. ಆದರೆ ಅದರ ಡಾರ್ಟ್ ಭಾಷೆ ಕಲಿತರೂ ಆಂಡ್ರಾಯ್ಡ್ ಎಸ್‌ಡಿಕೆ (ಆ್ಯಪ್ ಕಟ್ಟುವ ಸಲಕರಣೆಗಳ ಕಟ್ಟು), ಗ್ರೇಡಲ್, ಪರ್ಮಿಷನ್ ಇವುಗಳಿಂದ ತಪ್ಪಿಸಿಕೊಳ್ಳಲಾಗದು. ಬಿಲ್ಡ್ (ಕೋಡನ್ನು ಆ್ಯಪ್ ಮಾಡುವ ಕೆಲಸ) ಕೆಟ್ಟಾಗ ಬರುವ ಕೆಂಪು ಅಕ್ಷರಗಳಲ್ಲಿ ಬಹಳಷ್ಟು ಗ್ರೇಡಲ್‌ನವೇ. ಅದನ್ನು ಓದಲು ಬರುವವರು ಫ್ಲಟರ್‌ಗೆ ಆಮೇಲೆ ಹೋದರೂ ಬೇಗ ಹತ್ತುತ್ತಾರೆ. ಫ್ಲಟರ್ ಹಾಕುವುದೇ ಆದರೆ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹಾಕಬೇಡಿ. ಹೆಸರಿನ ನಡುವಿನ ಖಾಲಿ ಜಾಗ ಮತ್ತು ಅಡ್ಮಿನ್ ಅನುಮತಿ ಎರಡೂ ಕಾಡುತ್ತವೆ. ರಿಯಾಕ್ಟ್ ನೇಟಿವ್ ಜಾವಾಸ್ಕ್ರಿಪ್ಟ್ ಚೆನ್ನಾಗಿ ಬಲ್ಲವರಿಗೆ. ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ ಎನ್ನುವುದನ್ನು ಕೋಚಿಂಗ್‌ನವರು ಹೇಳಿರಲಿಕ್ಕಿಲ್ಲ.

ಕಾಟ್ಲಿನ್ ಕಲಿತರೆ ಐಫೋನ್ ಬಾಗಿಲು ಮುಚ್ಚಿತು ಎಂಬ ಭಯವೂ ಬೇಡ. ಕಾಟ್ಲಿನ್ ಕೋಡನ್ನು ಐಫೋನಿಗೂ ಬಳಸಲು ಬಿಡುವ ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ 2023ರ ನವೆಂಬರ್‌ನಲ್ಲಿ ಸ್ಥಿರ ಆವೃತ್ತಿಗೆ ಬಂತು, ಅದರ ಪರದೆಯ ಭಾಗ ಐಫೋನ್‌ಗೆ 2025ರ ಮೇನಲ್ಲಿ ಸ್ಥಿರವಾಯಿತು.

ಮೊದಲ ಆ್ಯಪ್ ಚಿಕ್ಕದಿರಲಿ: ಹಾಸ್ಟೆಲ್ ಮೆಸ್ ಲೆಕ್ಕ ಬರೆಯುವಂಥದ್ದು ಸಾಕು. ಮೂರು ಪರದೆ, ಲೆಕ್ಕವನ್ನು ಫೋನಿನಲ್ಲೇ ಉಳಿಸುವ ‘ರೂಮ್’ ಡೇಟಾಬೇಸ್, ಇಂಟರ್‌ನೆಟ್ ಇಲ್ಲ. ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಮೊತ್ತದ ಜಾಗದಲ್ಲಿ 450 ಅಂತ ಹೊಡೆದು, ಸೇವ್ ಮಾಡದೆ ಫೋನನ್ನು ಅಡ್ಡ ತಿರುಗಿಸಿ. 450 ಮಾಯವಾದರೆ ಗಾಬರಿ ಬೇಡ. ತಿರುಗಿಸಿದಾಗ ಆಂಡ್ರಾಯ್ಡ್ ಆ ಆಕ್ಟಿವಿಟಿಯನ್ನು (ತೆರೆದಿರುವ ಪರದೆಯನ್ನು) ಕೆಡವಿ ಹೊಸದಾಗಿ ಕಟ್ಟುತ್ತದೆ. ಕಂಪೋಸ್‌ನ ಬರಿಯ ‘ರಿಮೆಂಬರ್’ನಲ್ಲಿ ಇಟ್ಟದ್ದು ಅದರ ಜೊತೆಗೇ ಹೋಗುತ್ತದೆ. ‘ರಿಮೆಂಬರ್ ಸೇವಬಲ್’ ಅಥವಾ ಪರದೆಯ ಮಾಹಿತಿ ಹಿಡಿದಿಡುವ ವ್ಯೂಮಾಡೆಲ್‌ನಲ್ಲಿ ಇಟ್ಟರೆ ಉಳಿಯುತ್ತದೆ. ಸಂದರ್ಶನದಲ್ಲಿ ಇದನ್ನು ವಿವರಿಸಬಲ್ಲವರಿಗೆ ಹತ್ತು ಸರ್ಟಿಫಿಕೇಟಿಗಿಂತ ಹೆಚ್ಚು ಬೆಲೆ.

ಪ್ರಶ್ನೆ: ಐಫೋನ್ ಆ್ಯಪ್ ಕಲಿಯಲು ಸೆಕೆಂಡ್‌ಹ್ಯಾಂಡ್ ಮ್ಯಾಕ್ ತಗೊಳ್ಳಬಹುದೇ? ಇಂಟೆಲ್ ಪ್ರೊಸೆಸರ್‌ನದು ಕಡಿಮೆ ಬೆಲೆಗೆ ಸಿಗುತ್ತಿದೆ.
– ಹಿರಿಯೂರು

ಉತ್ತರ: ಇಂಟೆಲ್ ಮ್ಯಾಕ್ ಬೇಡ. 2025ರಲ್ಲಿ ಬಂದ ಮ್ಯಾಕ್‌ಓಎಸ್‌ನ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು, ಅದೂ ಕೆಲವೇ ಮಾಡೆಲ್‌ಗಳಿಗೆ. ಆ್ಯಪ್ ಸ್ಟೋರ್‌ಗೆ ಕಳಿಸಲು ಆ್ಯಪಲ್ ಕಾಲಕಾಲಕ್ಕೆ ಹೊಸ ಎಕ್ಸ್‌ಕೋಡ್ ಕೇಳುತ್ತದೆ, ಹೊಸ ಎಕ್ಸ್‌ಕೋಡ್ ಹೊಸ ಮ್ಯಾಕ್‌ಓಎಸ್ ಕೇಳುತ್ತದೆ. ಕೊಳ್ಳುವುದೇ ಆದರೆ 2020ರ ಎಂ1 (ಆ್ಯಪಲ್‌ನದೇ ಪ್ರೊಸೆಸರ್) ಅಥವಾ ನಂತರದ್ದು, ಸಾಧ್ಯವಾದರೆ 16 ಜಿಬಿ. ಕಲಿಯುವಾಗ ಉಚಿತ ಆ್ಯಪಲ್ ಖಾತೆ ಸಾಕು. ಆದರೆ ಹಾಗೆ ಫೋನಿಗೆ ಹಾಕಿದ ಆ್ಯಪ್ 7 ದಿನಕ್ಕೆ ನಿಲ್ಲುತ್ತದೆ, ಮತ್ತೆ ಹಾಕಬೇಕು. ಸ್ಟೋರ್‌ಗೆ ಹಾಕಲು ವರ್ಷಕ್ಕೆ 99 ಡಾಲರ್, ಪ್ರತಿ ವರ್ಷವೂ. ಗೂಗಲ್‌ನಲ್ಲಿ ಒಂದೇ ಸಲ 25 ಡಾಲರ್.

ಪ್ರಶ್ನೆ: ಸ್ಟುಡಿಯೋ ಹಾಕಿದ್ದೇನೆ, ಫೋನ್ ಜೋಡಿಸಿದರೆ ಬರೀ ಚಾರ್ಜ್ ಆಗುತ್ತದೆ, ಪಟ್ಟಿಯಲ್ಲಿ ಕಾಣುವುದಿಲ್ಲ. ಶಿಯೋಮಿ ಫೋನು.
– ಚಳ್ಳಕೆರೆ

ಉತ್ತರ: ಮೊದಲು ಕೇಬಲ್ ಬದಲಿಸಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ, ಕರೆಂಟು ಮಾತ್ರ ಹರಿಯುತ್ತದೆ. ಲ್ಯಾಪ್‌ಟಾಪ್‌ಗೆ ಫೋಟೊ ಕಳಿಸಲು ಬರುವ ಕೇಬಲ್ ಆದರೆ ಸರಿ. ಆಮೇಲೆ ಫೋನಿನ ‘ಅಬೌಟ್’ ಪುಟದಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಬೇಕು. ಶಿಯೋಮಿಯಲ್ಲಿ ಅದರ ಬದಲು ಎಂಐಯುಐ ಅಥವಾ ಓಎಸ್ ಆವೃತ್ತಿಯನ್ನು ಒತ್ತಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ. ಕೇಬಲ್ ಹಾಕಿದಾಗ ಫೋನಿನ ಪರದೆಯ ಮೇಲೆ ಅನುಮತಿ ಕೇಳುತ್ತದೆ, ಫೋನ್ ಲಾಕ್ ಆಗಿದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ. ಫೋನ್ ಪಟ್ಟಿಗೆ ಬಂದ ಮೇಲೂ ಆ್ಯಪ್ ಇಳಿಯದಿದ್ದರೆ ‘ಇನ್‌ಸ್ಟಾಲ್ ವಯಾ ಯುಎಸ್‌ಬಿ’ ನೋಡಿ. ಅದನ್ನು ಆನ್ ಮಾಡಲು ಶಿಯೋಮಿ ತನ್ನ ಖಾತೆಗೆ ಲಾಗಿನ್ ಆಗಿರಬೇಕು, ಸಿಮ್ ಇರಬೇಕು ಎನ್ನುತ್ತದೆ. ಹಳೆಯ ಫೋನನ್ನು ಸಿಮ್ ತೆಗೆದು ಪರೀಕ್ಷೆಗೆ ಇಟ್ಟುಕೊಂಡವರು ಇಲ್ಲೇ ಸಿಕ್ಕಿಬೀಳುವುದು.

ಆಂಡ್ರಾಯ್ಡ್ 11 ಮತ್ತು ನಂತರದ ಫೋನಾದರೆ ಕೇಬಲ್ ಇಲ್ಲದೆಯೂ ಆಗುತ್ತದೆ: ವೈರ್‌ಲೆಸ್ ಡಿಬಗ್ಗಿಂಗ್ ಆನ್ ಮಾಡಿ, ಸ್ಟುಡಿಯೋ ತೋರಿಸುವ ಕ್ಯೂಆರ್ ಸ್ಕ್ಯಾನ್ ಮಾಡಿ. ಎರಡೂ ಒಂದೇ ವೈಫೈನಲ್ಲಿರಬೇಕು. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಮನೆಯವರ ಫೋನಿನ ಹಾಟ್‌ಸ್ಪಾಟ್‌ಗೆ ಎರಡನ್ನೂ ಸೇರಿಸಿ.

ಪ್ರಶ್ನೆ: ಮೆಕ್ಕೆಜೋಳ, ಅಡಿಕೆ ದರವನ್ನು ನಮ್ಮ ಗಿರಾಕಿ ರೈತರಿಗೆ ದಿನಾ ತಿಳಿಸಲು ಆ್ಯಪ್ ಮಾಡಿಸುತ್ತಿದ್ದೇವೆ. ಹುಡುಗ ಫ್ಲಟರ್‌ನಲ್ಲಿ ಮಾಡಿದ್ದಾನೆ. ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತಿದೆ. ಪ್ಲಾಟ್‌ಫಾರ್ಮ್ ಬದಲಿಸಬೇಕೇ?
– ದಲಾಲಿ ಅಂಗಡಿ, ದಾವಣಗೆರೆ

ಉತ್ತರ: ಬದಲಿಸಬೇಕಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಪೆಟ್ಟಿಗೆಯಲ್ಲಿ ಕನ್ನಡ ತುರುಕಿದಾಗ ಎಲ್ಲ ಕಡೆಯೂ ಹೀಗೇ ಆಗುತ್ತದೆ. ಅಕ್ಷರದ ಸಾಲಿನ ಎತ್ತರವನ್ನು 1.0 ಅಂತ ಇಟ್ಟಿದ್ದರೆ 1.4ಕ್ಕೆ ಏರಿಸಲು ಹೇಳಿ, ಬಟನ್ ಮತ್ತು ಪಟ್ಟಿಯ ಸಾಲುಗಳಿಗೆ ಕೊಟ್ಟ ನಿಗದಿ ಎತ್ತರ ತೆಗೆಸಿ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ಆ್ಯಪ್ ಒಳಗೇ ಸೇರಿಸಿದರೆ ಫೋನಿನಿಂದ ಫೋನಿಗೆ ವ್ಯತ್ಯಾಸ ಬರುವುದಿಲ್ಲ. ‘ರಾಷ್ಟ್ರ’, ‘ವಸ್ತ್ರ’ ಪದಗಳನ್ನು ಹಾಕಿ, ಫೋನಿನ ಅಕ್ಷರ ಗಾತ್ರವನ್ನು ಅತಿ ದೊಡ್ಡದಕ್ಕೆ ಇಟ್ಟು ನೋಡಿ. ನಿಮ್ಮ ಗಿರಾಕಿಗಳಲ್ಲಿ ವಯಸ್ಸಾದವರು ಹಾಗೇ ಇಟ್ಟುಕೊಂಡಿರುತ್ತಾರೆ.

ಇನ್ನೊಂದು ತಪ್ಪೂ ಆಗಿರಬಹುದು. ‘ಸ್ತ್ರೀ’ ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಉದ್ದ ಹೆಸರನ್ನು ‘ಮೊದಲ 10 ಅಕ್ಷರ’ ಅಂತ ಕೋಡಿನಲ್ಲಿ ಕತ್ತರಿಸಿದರೆ ಒತ್ತಿನ ನಡುವೆ ಮುರಿದು ಅರ್ಧ ಅಕ್ಷರ ಉಳಿಯುತ್ತದೆ. ಪದಗಳ ನಡುವಿನ ಜಾಗದಲ್ಲಿ ಮಾತ್ರ ಕತ್ತರಿಸಬೇಕು.

ಆದರೆ ನಮ್ಮ ನಿಜವಾದ ಅನುಮಾನ ಬೇರೆ: ದಿನಕ್ಕೊಂದು ದರಪಟ್ಟಿಗೆ ಆ್ಯಪ್ ಯಾಕೆ? ಒಂದು ವೆಬ್ ಪುಟದ ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಕಲ್ಲ. ರೈತರ ಖಾತೆ, ಬಾಕಿ, ನೆಟ್‌ವರ್ಕ್ ಇಲ್ಲದಾಗಲೂ ಹಳೆಯ ಪಟ್ಟಿ ಇವೆಲ್ಲ ಬೇಕಾದಾಗ ಆ್ಯಪ್‌ಗೆ ಅರ್ಥ. ಎಪಿಕೆ ಫೈಲನ್ನೇ (ಆ್ಯಪ್ ಹಾಕಿಕೊಳ್ಳುವ ಫೈಲು) ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಮಾತ್ರ ಬೇಡ. ಎಚ್ಚರಿಕೆ ಸಂದೇಶ ನೋಡಿ ಅರ್ಧ ಜನ ಹಿಂದೆ ಸರಿಯುತ್ತಾರೆ, ಹಾಕಿಕೊಂಡವರಿಗೆ ಮುಂದಿನ ತಿದ್ದುಪಡಿ ತಾನಾಗಿ ತಲುಪುವುದಿಲ್ಲ.

ಪ್ರಶ್ನೆ: ಆ್ಯಪ್ ಸಿದ್ಧವಾಗಿದೆ. ಪ್ಲೇ ಸ್ಟೋರ್ 12 ಜನ ಟೆಸ್ಟರ್ ಕೇಳುತ್ತಿದೆ. ಹನ್ನೆರಡು ಇಮೇಲ್ ಸೇರಿಸಿದರೂ ಲೆಕ್ಕ ಏರುತ್ತಿಲ್ಲ.
– ಹೊಳಲ್ಕೆರೆ

ಉತ್ತರ: 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆಲ್ಲ ಈ ನಿಯಮವಿದೆ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಇಮೇಲ್ ಸೇರಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಕ್ಲೋಸ್ಡ್ ಟೆಸ್ಟಿಂಗ್ (ಆಯ್ದ ಜನರಷ್ಟೇ ಮಾಡುವ ಪರೀಕ್ಷೆ) ಪುಟದ ಲಿಂಕನ್ನು ಪ್ರತಿಯೊಬ್ಬರೂ ಅದೇ ಜಿಮೇಲ್‌ನಿಂದ ತೆರೆದು ಒಪ್ಪಿಗೆ ಒತ್ತಬೇಕು. ಫೋನಿನಲ್ಲಿ ಎರಡು ಜಿಮೇಲ್ ಇರುವವರು ಇಲ್ಲಿ ತಪ್ಪುತ್ತಾರೆ. ಹೀಗೆ ಸೇರಿದ 12 ಜನ ಸತತ 14 ದಿನ ಉಳಿಯಬೇಕು. ನಡುವೆ ಒಬ್ಬರು ಹೊರಹೋದರೂ ತೊಂದರೆ, ಆದ್ದರಿಂದ 16–18 ಜನರನ್ನು ಸೇರಿಸಿಕೊಳ್ಳಿ. ದುಡ್ಡಿಗೆ ಟೆಸ್ಟರ್ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. 14 ದಿನದ ನಂತರದ ಅರ್ಜಿಯಲ್ಲಿ ಟೆಸ್ಟರ್‌ಗಳು ಏನು ಹೇಳಿದರು, ಏನು ತಿದ್ದಿದಿರಿ ಅಂತ ಕೇಳುತ್ತಾರೆ, ಆಗ ಬರೆಯಲು ಏನೂ ಇರುವುದಿಲ್ಲ. ಆ ದಿನಗಳಲ್ಲಿ ಒಂದೆರಡು ಬಾರಿಯಾದರೂ ತಿದ್ದಿದ ಆವೃತ್ತಿ ಏರಿಸಿ.

ಅಂದ ಹಾಗೆ, ಆ್ಯಪ್‌ನ ಪ್ಯಾಕೇಜ್ ಹೆಸರು (ಅದರ ಗುರುತಿನ ಹೆಸರು) ಇನ್ನೂ ‘ಕಾಮ್ ಎಕ್ಸಾಂಪಲ್’ ಅಂತಲೇ ಇದ್ದರೆ ಪ್ಲೇ ಸ್ಟೋರ್ ಅದನ್ನು ಏರಿಸಿಕೊಳ್ಳುವುದೇ ಇಲ್ಲ. ನಿಮ್ಮದೇ ಹೆಸರನ್ನು ಮೊದಲೇ ಯೋಚಿಸಿ ಇಡಿ, ಒಮ್ಮೆ ಪ್ರಕಟವಾದರೆ ಬದಲಿಸಲು ಬರುವುದಿಲ್ಲ.