ಜಿ6ಪಿಡಿ ಕೊರತೆ ಇರುವ ಮಗುವಿಗೆ ಸೊಪ್ಪು ಹಾಕಿದ ನೀರಿನಲ್ಲಿ ಸ್ನಾನ ಮಾಡಿಸಬಹುದಾ?

ಬೇಡ, ಬರೀ ಬೆಚ್ಚಗಿನ ನೀರೇ ಸಾಕು. ಗೋರಂಟಿ (ಮೆಹಂದಿ) ಸೊಪ್ಪಂತೂ ಬೇಡವೇ ಬೇಡ. ನೀರಿಗೂ ಹಾಕಬೇಡಿ, ಅಂಗೈಗೂ ಹಚ್ಚಬೇಡಿ.

ಜಿ6ಪಿಡಿ ಅನ್ನೋದು ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ. ಹುಟ್ಟಿನಿಂದಲೇ ಅದು ಕಡಿಮೆ ಇದ್ದರೆ, ಕೆಲವು ರಾಸಾಯನಿಕಗಳು ತಾಗಿದಾಗ ಕಣಗಳು ಒಡೆದುಹೋಗುತ್ತವೆ. ಗೋರಂಟಿಗೆ ಬಣ್ಣ ಕೊಡುವ ಲಾಸೋನ್ ಅಂಥದ್ದೇ. ಅದು ಮಗುವಿನ ತೆಳು ಚರ್ಮದ ಮೂಲಕವೇ ರಕ್ತ ಸೇರುತ್ತದೆ. ಹೀಗೆ ಹಚ್ಚಿದ ಮೇಲೆ ಶಿಶುಗಳ ಜೀವಕ್ಕೇ ಅಪಾಯವಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಅಂಗಡಿಯ ಸ್ನಾನದ ಪುಡಿಯಲ್ಲಿ ಏನೇನು ಬೆರೆಸಿರುತ್ತಾರೋ ನಮಗೆ ಗೊತ್ತಾಗುವುದಿಲ್ಲ ಅಲ್ವಾ? ಮಕ್ಕಳ ಡಾಕ್ಟರನ್ನು ಕೇಳದೆ ಅದನ್ನೂ ಬಳಸಬೇಡಿ. ಈಗಾಗಲೇ ಬಳಸಿದ್ದು, ಮಗುವಿನ ಮೂತ್ರ ಟೀ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಥವಾ ಮುಖ ಬಿಳಿಚಿಕೊಂಡರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.