ಹತ್ತು ಜನ ಕುಡುಕರ ಜೊತೆ ಕೂರಿಸಿದರೆ ತಮ್ಮ ಸರಿಹೋಗ್ತಾನಾ?

ನಿಮ್ಮ ಪ್ರಶ್ನೆ ಓದಿದೆ. ತಮ್ಮನಿಗೆ 29 ವರ್ಷ, ಕುಡಿತ ಕೈಮೀರಿದೆ, ದಾವಣಗೆರೆ ಹತ್ತಿರದ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಬೇಕು ಅಂತಿದ್ದೀರಿ. ಅಲ್ಲಿ ದಿನಾ ಎರಡು ಹೊತ್ತು ‘ಗ್ರೂಪ್’ ಇರುತ್ತದಂತೆ. ‘ಇಷ್ಟು ದುಡ್ಡು ಕೊಡೋದು ಡಾಕ್ಟರ್ ನೋಡಲಿ ಅಂತ, ಬೇರೆ ಕುಡುಕರ ಜೊತೆ ಹರಟೆ ಹೊಡೀಲಿ ಅಂತಲ್ಲ. ಅವನು ಮೊದಲೇ ಮಾತು ಕಡಿಮೆ. ಇದರಿಂದ ನಿಜವಾಗಲೂ ಉಪಯೋಗ ಇದೆಯಾ?’ ಇದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಇಲ್ಲಿನ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಇಂಥದ್ದೇ ಕೇಂದ್ರದಲ್ಲಿ ಮೂರು ತಿಂಗಳು ಇದ್ದು ಬಂದವನು. ಉಪಯೋಗ ಇದೆ ಅಂತಲೇ ಹೇಳುತ್ತೇನೆ. ಆದರೆ ಅದು ನೀವು ಅಂದುಕೊಂಡಿರುವ ಜಾಗದಲ್ಲಿ ಇಲ್ಲ.

ಗ್ರೂಪಿಗಿಂತ ಮುಂಚಿನದ್ದು ಮೊದಲು ಹೇಳಿಬಿಡುತ್ತೇನೆ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲೇ ಕೈ ನಡುಕ, ಬೆವರು ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಬುದ್ಧಿ ಕಲಕಿ, ಇಲ್ಲದ್ದೆಲ್ಲ ಕಾಣುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಅದು ಪ್ರಾಣಕ್ಕೇ ಬರುತ್ತದೆ. ಹಾಗಾಗಿ ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡ.

ನನಗೆ ಮೂರನೇ ರಾತ್ರಿ ಆಸ್ಪತ್ರೆಯ ವಾರ್ಡಿನ ಮೂಲೆಯಲ್ಲಿ ಹಮಾಲರು ಚೀಲ ಇಳಿಸುತ್ತಿದ್ದರು. ನಾನು ಮಂಚದ ಮೇಲೆ ಕೂತು ಬೆಡ್‌ಶೀಟಿನ ಮೇಲೆ ಬೆರಳಲ್ಲಿ ತೂಕ ಬರೆದುಕೊಳ್ಳುತ್ತಿದ್ದೆನಂತೆ. ಹೆಂಡತಿ ಮಲಗಿ ಅಂದರೆ, ‘ಇನ್ನೂ ಎರಡು ಲಾರಿ ಇದೆ, ಮುಗಿಸಿ ಬರ್ತೀನಿ’ ಅಂದೆನಂತೆ. ಈಗ ನಗು ಬರುತ್ತದೆ. ಅವಳಿಗೆ ಇನ್ನೂ ಬರುವುದಿಲ್ಲ.

ಅದು ಅಷ್ಟು ಜೋರಾಗಿದ್ದಕ್ಕೆ ನನ್ನ ಪಾಲೂ ಇತ್ತು. ದಿನಕ್ಕೆ ಎಷ್ಟು ಅಂತ ಡಾಕ್ಟರ್ ಕೇಳಿದಾಗ ‘ಒಂದು ಕ್ವಾರ್ಟರ್ ಸಾರ್’ ಅಂದಿದ್ದೆ. ಕ್ವಾರ್ಟರ್ ಅಂದರೆ 180 ಎಂ.ಎಲ್. ನಿಜವಾದ ಲೆಕ್ಕ ಅದರ ಮೂರು ಪಟ್ಟು. ಔಷಧಿ ಎಷ್ಟು ಕೊಡಬೇಕು ಅನ್ನೋದನ್ನು ಅವರು ಇದನ್ನೂ ನೋಡಿಯೇ ತೀರ್ಮಾನಿಸುತ್ತಾರೆ. ಅಂಗಡಿಯಲ್ಲಿ ಎಂಟಾಣೆ ತಪ್ಪಿದರೂ ರಾತ್ರಿ ಕೂತು ಹುಡುಕುವವನು, ಡಾಕ್ಟರ್ ಹತ್ತಿರ ಮಾತ್ರ ಕಳ್ಳಲೆಕ್ಕ ಕೊಟ್ಟೆ.

ಆಮೇಲೆ ಕೇಂದ್ರಕ್ಕೆ ಹೋದೆ. ಬೆಳಿಗ್ಗೆ ತಿಂಡಿ ಆದಮೇಲೆ ಚಾಪೆ ಹಾಕಿ ದುಂಡಗೆ ಕೂರಿಸುತ್ತಿದ್ದರು. ಹತ್ತು ಹನ್ನೆರಡು ಜನ, ಜೊತೆಗೆ ಒಬ್ಬರು ಕೌನ್ಸೆಲರ್. ನಿಯಮ ಕಡಿಮೆ. ಇಲ್ಲಿ ಆಡಿದ ಮಾತು ಇಲ್ಲೇ ಇರಬೇಕು. ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ‘ಜನ ಹೀಗೆ, ಹೆಂಡತಿ ಹಾಗೆ’ ಅನ್ನೋದು ಬಿಟ್ಟು ‘ನಾನು ಹೀಗೆ ಮಾಡಿದೆ’ ಅಂತ ಹೇಳಬೇಕು. ಕೇಳಿದ ಹೊರತು ಬುದ್ಧಿ ಹೇಳಬಾರದು. ನಮ್ಮ ಜನಕ್ಕೆ ಈ ಕೊನೆಯದ್ದೇ ಕಷ್ಟ ನೋಡಿ. ಬಿಟ್ಟಿ ಸಲಹೆ ಕೊಡದೆ ಹತ್ತು ನಿಮಿಷ ಕೂರೋದು ಅಂದರೆ ಹೊಟ್ಟೆ ಉಬ್ಬರಿಸಿದ ಹಾಗಾಗುತ್ತದೆ.

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ಸರದಿ ಬಂದಾಗ ಹೆಸರು ಹೇಳಿ, ‘ಇವತ್ತು ಕೇಳ್ತೀನಿ’ ಅನ್ನುತ್ತಿದ್ದೆ. ಯಾರೂ ಬಲವಂತ ಮಾಡಲಿಲ್ಲ. ನಿಮ್ಮ ತಮ್ಮ ಮಾತು ಕಡಿಮೆ ಅಂದಿರಲ್ಲ, ಅದಕ್ಕೆ ಇದನ್ನು ಹೇಳುತ್ತಿದ್ದೇನೆ. ಸುಮ್ನೆ ಕೂತು ಕೇಳುವವನಿಗೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ.

ಹನ್ನೆರಡನೇ ದಿನ ಬಾಯಿ ಬಿಟ್ಟೆ. ಅದೇ ಸುಳ್ಳು: ‘ನಾನು ಜಾಸ್ತಿ ಏನಿಲ್ಲ, ಸಂಜೆ ಒಂದು ಕ್ವಾರ್ಟರ್.’ ಕೈಯಲ್ಲಿ ಸ್ಟೀಲ್ ಲೋಟದ ಚಹಾ ಇತ್ತು. ಎರಡು ವಾರವಾದರೂ ನನ್ನ ನಡುಕ ಪೂರ್ತಿ ಹೋಗಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದಿದ್ದೆ. ಎದುರು ಕೂತಿದ್ದ ಆಟೋ ಓಡಿಸುವ ಹುಡುಗ ಲೋಟವನ್ನೇ ನೋಡುತ್ತಿದ್ದ. ನಿಯಮ ಮರೆತು ಹೇಳಿಯೇಬಿಟ್ಟ: ‘ಅಣ್ಣಾರೆ, ಕ್ವಾರ್ಟರ್‌ಗೆ ಕೈ ಹಿಂಗೆ ನಡುಗಲ್ಲ ಬಿಡ್ರಿ.’

ಡಾಕ್ಟರ್ ಎದುರು, ಹೆಂಡತಿ ಎದುರು, ಯಜಮಾನರ ಎದುರು ನಿಂತ ಸುಳ್ಳು ಅದು. ಇಪ್ಪತ್ತನಾಲ್ಕು ವರ್ಷದ ಹುಡುಗನ ಎದುರು ನಿಲ್ಲಲಿಲ್ಲ. ಅವನಿಗೆ ಓದು ಇರಲಿಲ್ಲ, ಆದರೆ ಆ ನಡುಕ ಅವನ ಕೈಯಲ್ಲೂ ಇತ್ತು.

ಅದೇ ವಾರ ಇನ್ನೊಂದು ನಡೆಯಿತು. ಒಬ್ಬರು ನಿವೃತ್ತ ಮೇಷ್ಟ್ರಿದ್ದರು, ಬಹಳ ಗಂಭೀರ ಮನುಷ್ಯ. ತಾವು ದಿನಕ್ಕೊಂದು ವೈನ್ ಶಾಪಿಗೆ ಹೋಗುತ್ತಿದ್ದ ಕಥೆ ಹೇಳಿದರು. ಒಂದೇ ಅಂಗಡಿಗೆ ದಿನಾ ಹೋದರೆ ಅಂಗಡಿಯವನು ‘ಮೇಷ್ಟ್ರು ಕುಡುಕ’ ಅಂದುಕೊಳ್ಳುತ್ತಾನಲ್ಲ, ಅದಕ್ಕೆ! ಕೇಳುತ್ತಾ ನನ್ನ ಮೈ ಬಿಸಿಯಾಯಿತು. ನನ್ನದೂ ಅದೇ ಟೈಮ್‌ಟೇಬಲ್. ಸೋಮವಾರ ಪಿ.ಬಿ. ರಸ್ತೆ, ಮಂಗಳವಾರ ಅಶೋಕ ಟಾಕೀಸ್ ಗೇಟಿನ ಆಚೆ, ಬುಧವಾರ ಹರಿಹರದ ಕಡೆ. ಈ ಉಪಾಯ ಭೂಮಿ ಮೇಲೆ ನನಗೊಬ್ಬನಿಗೇ ಹೊಳೆದದ್ದು ಅಂತ ನಾನು ನಂಬಿದ್ದೆ. ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಭಾನುವಾರ ಎಲ್ಲಿ?’ ಅಂತ ಕೇಳಿದರು. ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಎಷ್ಟೋ ತಿಂಗಳ ಮೇಲೆ, ಕುಡಿಯದೆ.

ನಿಮಗೆ ಇದು ಹರಟೆಯ ಹಾಗೇ ಕೇಳಿಸಬಹುದು. ಆದರೆ ನಾಚಿಕೆ ಅನ್ನೋದು ಒಬ್ಬನೇ ಇದ್ದಾಗ ಬೆಳೆಯುತ್ತದೆ, ಆ ನಾಚಿಕೆ ಮುಚ್ಚಲು ಮತ್ತೆ ಬಾಟಲಿ ಬೇಕಾಗುತ್ತದೆ. ಒಬ್ಬರ ಎದುರು ಒಬ್ಬರು ಕೂತು ಮಾಡುವ ಕೌನ್ಸೆಲಿಂಗ್ ನನಗೂ ವಾರಕ್ಕೊಮ್ಮೆ ಇತ್ತು. ಅಪ್ಪನ ವಿಷಯ, ಸಾಲದ ವಿಷಯ ಅಲ್ಲೇ ಹೇಳಿದ್ದು. ಅದೂ ಬೇಕು. ಆದರೆ ‘ಭಾನುವಾರ ಎಲ್ಲಿ?’ ಅಂತ ಕೇಳೋದು ಆ ಕೌನ್ಸೆಲರ್‌ಗೆ ಯಾವತ್ತೂ ಹೊಳೆಯುತ್ತಿರಲಿಲ್ಲ.

ಈ ಪದ್ಧತಿಗೆ ಒಂದು ಹಳೆಯ ಕಥೆಯೂ ಇದೆ, ಮಾರ್ಕೆಟ್ಟಿನವನಾದ್ದರಿಂದ ನನಗೆ ಬಹಳ ಹಿಡಿಸಿತು. 1935ರಲ್ಲಿ ಬಿಲ್ ವಿಲ್ಸನ್ ಅನ್ನುವವನು ವ್ಯವಹಾರದ ಮೇಲೆ ಅಮೆರಿಕದ ಆಕ್ರನ್ ಊರಿಗೆ ಹೋದ. ಅವನೂ ಮಾರುಕಟ್ಟೆಯವನೇ, ಷೇರಿನದ್ದು. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು ಅಷ್ಟೇ. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಬಾರ್ ಕರೆಯುತ್ತಿತ್ತು. ಅವನು ಊರಿನವರಿಗೆ ಫೋನ್ ಮಾಡಿ ಇನ್ನೊಬ್ಬ ಕುಡುಕ ಬೇಕು ಅಂತ ಹುಡುಕಿದ. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಅವರೂ ಕುಡುಕರೇ. ಬಿಲ್ ಹುಡುಕಿದ್ದು ಡಾಕ್ಟರನ್ನು ಉದ್ಧಾರ ಮಾಡಲು ಅಲ್ಲ, ತಾನು ಆ ಸಂಜೆ ಕುಡಿಯದೆ ಉಳಿಯಲು. ಅಲ್ಲಿಂದ ಶುರುವಾದದ್ದೇ ‘ಆಲ್ಕೋಹಾಲಿಕ್ಸ್ ಅನಾನಿಮಸ್’, ಕುಡಿತ ಬಿಡಬೇಕು ಅನ್ನುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ, ನಾವು ಎಎ ಅನ್ನೋದು. ಅಂಕಿ ಬೇಕು ಅಂದರೆ, 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟುಹಾಕಿ ನೋಡಿದ್ದಾರೆ. ಎಎ ಕಡೆಗೆ ಕ್ರಮವಾಗಿ ಕರೆದೊಯ್ಯುವ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಕುಡಿತ ಬಿಟ್ಟು ಉಳಿದವರು ಬೇರೆ ಚಿಕಿತ್ಸೆಯವರಿಗಿಂತ ಜಾಸ್ತಿ ಇದ್ದರು. ಎಲ್ಲರೂ ಬಿಟ್ಟರು ಅಂತ ಅರ್ಥವಲ್ಲ.

ಈಗ ಕಹಿ ಭಾಗ. ನಾನು ಇದಕ್ಕೂ ಮೊದಲು ಬೇರೊಂದು ಕಡೆ ಸೇರಿದ್ದೆ. ಹೆಸರು ಬೇಡ. ಅಲ್ಲೂ ‘ಗ್ರೂಪ್’ ಇತ್ತು. ಒಬ್ಬನನ್ನು ಮಧ್ಯೆ ನಿಲ್ಲಿಸಿ ಉಳಿದವರಿಂದ ಬೈಯಿಸುತ್ತಿದ್ದರು. ಅತ್ತರೆ ‘ಸರಿಹೋಗ್ತಿದ್ದಾನೆ’ ಅನ್ನುತ್ತಿದ್ದರು. ಇಪ್ಪತ್ತೊಂದು ದಿನ ಇದ್ದೆ, ಹೊರಗೆ ಬಂದ ಸಂಜೆಯೇ ಕುಡಿದೆ. ಆದ್ದರಿಂದ ಗ್ರೂಪ್ ಇದೆ ಅಂದಾಕ್ಷಣ ನಂಬಬೇಡಿ. ಯಾರು ನಡೆಸುತ್ತಾರೆ, ಅವರಿಗೆ ತರಬೇತಿ ಆಗಿದೆಯಾ, ಒಂದು ಗುಂಪಿನಲ್ಲಿ ಎಷ್ಟು ಜನ ಕೇಳಿ. ಮೂವತ್ತು ನಲವತ್ತು ಅಂದರೆ ಅದು ಭಾಷಣ. ಮನೋವೈದ್ಯರು ಬರುತ್ತಾರಾ, ರಾತ್ರಿ ಫಿಟ್ಸ್ ಬಂದರೆ ಏನು ಮಾಡುತ್ತಾರೆ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರಕ್ಕೆ ನೋಂದಣಿ ಇರಬೇಕು. ಆ ಪ್ರಮಾಣಪತ್ರ ತೋರಿಸಿ ಅನ್ನಿ. ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಗುಟ್ಟು ಉಳಿಯುತ್ತದಾ ಅನ್ನೋ ಭಯ ನಿಮಗೆ ಇದ್ದೇ ಇರುತ್ತದೆ. ನಮ್ಮೂರು ಎಂಥದ್ದು ಅಂತ ಗೊತ್ತಲ್ಲ, ಬೆಣ್ಣೆ ದೋಸೆ ತಿನ್ನಲು ಕೂತರೆ ಪಕ್ಕದ ಟೇಬಲಿನವನು ಯಾರಿಗೋ ಬೀಗನಾಗಿರುತ್ತಾನೆ. ನಮ್ಮ ಗುಂಪಿನಲ್ಲಿ ಒಮ್ಮೆ ಒಬ್ಬನ ಮಾತು ಹೊರಗೆ ಹೋಯಿತು, ಅವನ ಹೆಂಡತಿಯ ತವರಿನವರೆಗೂ ಮುಟ್ಟಿತು. ಆ ಮನುಷ್ಯ ಮತ್ತೆ ಬಾಯಿ ಬಿಡಲೇ ಇಲ್ಲ. ಕೌನ್ಸೆಲರ್ ಕ್ಷಮೆ ಕೇಳಿದರು, ಆದರೆ ಹೋದದ್ದು ಹೋಯಿತು. ತಮ್ಮನಿಗೆ ಈ ಭಯ ಜಾಸ್ತಿ ಇದ್ದರೆ ಬೇರೆ ಜಿಲ್ಲೆಯ ಕೇಂದ್ರ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗ ಇದೆ. ಅಲ್ಲದೆ, ಕಿವಿಯಲ್ಲಿ ಧ್ವನಿ ಕೇಳಿಸುವಂಥ ಕಾಯಿಲೆ, ಸಾಯಬೇಕು ಅನ್ನುವ ಯೋಚನೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ, ಗ್ರೂಪ್ ಆಮೇಲೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡು ಹಿಡಿಯೋದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಹೊರಗೆ ಬಂದ ಮೇಲಿನದ್ದು. ಕೇಂದ್ರದ ಗೇಟಿನೊಳಗೆ ಕುಡಿಯದೆ ಇರೋದು ದೊಡ್ಡದಲ್ಲ, ಅಲ್ಲಿ ಸಿಗೋದೇ ಇಲ್ಲ. ಬಿಡುಗಡೆಯಾದ ಮೇಲೆ ಯಾವ ಗುಂಪು ಅಂತ ಈಗಲೇ ಕೇಳಿಟ್ಟುಕೊಳ್ಳಿ. ಎಎ ಇರಬಹುದು. ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರಲ್ಲ, ಶಿಬಿರ ಮುಗಿಸಿದವರಿಗೆ ಅವರೂ ನವಜೀವನ ಸಮಿತಿ ಅಂತ ಕಟ್ಟುತ್ತಾರೆ.

ನಾನು ಬಂದು ಐದು ತಿಂಗಳಿಗೆ ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರೋದು, ಮನೆ ತುಂಬಾ ನೆಂಟರು, ಬಾಡೂಟ. ‘ಇವತ್ತೊಂದಿನ’ ಅಂತ ಷಡ್ಡಕ ಲೋಟ ಕೊಟ್ಟ. ಮೂರು ದಿನ ಕುಡಿದೆ. ಭಾನುವಾರ ಮೀಟಿಂಗಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಆ ಆಟೋ ಹುಡುಗನೂ ಅಲ್ಲಿಗೇ ಬರುತ್ತಿದ್ದ. ಪಕ್ಕಕ್ಕೆ ಬಂದು ಕೂತ.

‘ಎಷ್ಟು ಅಣ್ಣಾರೆ?’

‘ದಿನಾ ಒಂದು ಹಾಫ್. ನಿನ್ನೆ ಅದಕ್ಕಿಂತ ಜಾಸ್ತಿ.’

ಅವನು ನನ್ನ ಕೈ ನೋಡಿದ. ‘ಹೂಂ, ಸರಿಯಾಗೈತಿ ಲೆಕ್ಕ’ ಅಂದ. ‘ನಡೀರಿ, ಮೊದಲು ಡಾಕ್ಟರ್ ಹತ್ರ ಹೋಗಿ ಇದನ್ನೇ ಹೇಳೋಣ.’

ಅವತ್ತು ಡಾಕ್ಟರಿಗೂ ಅದೇ ಲೆಕ್ಕ ಹೇಳಿದೆ. ಅದಾಗಿ ನಾಲ್ಕು ವರ್ಷ ಆಯಿತು.

ತಮ್ಮನನ್ನು ಸೇರಿಸಿದರೆ ಕುಟುಂಬದವರ ಮೀಟಿಂಗ್ ಯಾವಾಗ ಅಂತ ಕೇಳಿಕೊಂಡು ನೀವೂ ಹೋಗಿ. ನನ್ನ ಹೆಂಡತಿ ಮೊದಲ ಸಲ ಬಂದಾಗ ನನಗೆ ಅಂತ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ತಂದಿದ್ದಳು, ಹನ್ನೆರಡು ಜನರ ಮಧ್ಯೆ ತೆಗೆಯಲಾಗದೆ ಪೇಚಾಡಿದೆ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ ಅಂದರೆ ಖಾರ ಮಂಡಕ್ಕಿ, ಮಿರ್ಚಿ ತಗೊಂಡು ಹೋಗಿ. ಎಲ್ಲರಿಗೂ ಆಗುವಷ್ಟು.